ಮುಧೋಳ ಬೇಟೆನಾಯಿ: ಸಾಕಲು ಬಯಸುವವರಿಗಾಗಿ ಒಂದು ವಿಮರ್ಶೆ

ಮುಧೋಳ ನಾಯಿಯ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲು ಆ ನಾಯಿಯ ದೋಷಗಳಲ್ಲ. ಅದು ಕಣ್ಣಿನಿಂದ ಬೇಟೆಯಾಡಲೆಂದು ತಲೆಮಾರುಗಳ ಕಾಲ ಆಯ್ದು ಬೆಳೆಸಿದ ತಳಿ ಎಂಬುದನ್ನು ಮರೆತು, ಅದರಿಂದ ಬೇರೆ ತಳಿಗಳ ಗುಣವನ್ನು ನಿರೀಕ್ಷಿಸಿದವರ ನಿರಾಶೆಗಳು ಅವು. ಕರೆದ ಕೂಡಲೇ ಬರುವುದಿಲ್ಲ, ಮನೆಗೆ ಬಂದವರಿಂದ ಮೈ ಮುಟ್ಟಿಸಿಕೊಳ್ಳುವುದಿಲ್ಲ, ಎಷ್ಟು ಉಣ್ಣಿಸಿದರೂ ಮೈ ತುಂಬಿಕೊಳ್ಳುವುದಿಲ್ಲ, ಬೆಕ್ಕು ಕಂಡರೆ ಹಗ್ಗ ಕಿತ್ತುಕೊಂಡು ಓಡುತ್ತದೆ ಎಂಬ ದೂರುಗಳೆಲ್ಲಕ್ಕೂ ಮೂಲ ಒಂದೇ. ಧಾರವಾಡದ ಹೊರವಲಯದಲ್ಲಿರುವ ನಮ್ಮ ಮನೆಗೆ ಮುಧೋಳ ತಾಲ್ಲೂಕಿನ ಒಂದು ರೈತ ಕುಟುಂಬದಿಂದ ತಂದ ಹೆಣ್ಣು ಮರಿ ಈಗ ಪೂರ್ಣವಾಗಿ ಬೆಳೆದಿದೆ. ಚಂದ್ರಿ ಎಂದು ಹೆಸರಿಟ್ಟಿರುವ ಆ ನಾಯಿಯನ್ನು ದಿನವೂ ನೋಡುತ್ತ ತಿಳಿದುಕೊಂಡದ್ದನ್ನೂ, ಮರಿ ಕೊಟ್ಟ ಕುಟುಂಬದ ನಡವಳಿಕೆಯನ್ನೂ, ಈ ತಳಿಯನ್ನು ಕೊಳ್ಳಬೇಕೆಂದಿರುವವರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೈಕಟ್ಟಿನ ಮಾತು. ಗಂಡು ನಾಯಿ ಭುಜದವರೆಗೆ ಸುಮಾರು 68ರಿಂದ 72 ಸೆಂಟಿಮೀಟರ್ ಎತ್ತರವಿರುತ್ತದೆ, ಹೆಣ್ಣು ಅದಕ್ಕಿಂತ ತುಸು ಗಿಡ್ಡ. ಇಷ್ಟು ಎತ್ತರವಿದ್ದರೂ ಗಂಡಿನ ತೂಕ ಸಾಮಾನ್ಯವಾಗಿ 28 ಕಿಲೋ ದಾಟುವುದಿಲ್ಲ. ಹೆಣ್ಣು 20ರಿಂದ 22 ಕಿಲೋ ತೂಗುತ್ತದೆ. ತಲೆಬುರುಡೆ ಕಿರಿದು, ಮೂತಿ ಉದ್ದ, ಕಿವಿಗಳು ಕೆನ್ನೆಗೆ ಅಂಟಿದಂತೆ ಜೋತುಬಿದ್ದಿರುತ್ತವೆ. ಎದೆ ಆಳವಾಗಿ ಇಳಿದು, ಹೊಟ್ಟೆ ಬೆನ್ನಿನ ಕಡೆಗೆ ಒಮ್ಮೆಲೇ ಮೇಲೇರುತ್ತದೆ. ಆರೋಗ್ಯವಾಗಿರುವ ಮುಧೋಳದ ಕೊನೆಯ ಕೆಲವು ಪಕ್ಕೆಲುಬುಗಳು ಹೊರಗೆ ಕಾಣಿಸುತ್ತವೆ, ಕಾಣಿಸಲೂಬೇಕು. ಇದನ್ನು ಉಪವಾಸದ ಗುರುತೆಂದು ತಿಳಿದ ನೆರೆಹೊರೆಯವರು ಬಿಸ್ಕತ್ತು, ಬ್ರೆಡ್ಡು ಹಾಕತೊಡಗುತ್ತಾರೆ. ಅದನ್ನು ತಡೆಯುವುದು ಮಾಲೀಕರ ಮೊದಲ ಕರ್ತವ್ಯಗಳಲ್ಲೊಂದು. ಕೂದಲು ಗಿಡ್ಡ ಮತ್ತು ನುಣುಪು. ಕಿವಿ, ಕಾಲು, ಬಾಲಗಳಲ್ಲಿ ಜೂಲು ಇರುವ ಬಗೆಯೂ ಉಂಟು, ಆದರೆ ಅದು ಅಪರೂಪ.

ಈ ದೇಹದ ಪ್ರತಿ ಅಂಗವೂ ಓಟಕ್ಕಾಗಿ, ಅದಕ್ಕೂ ಮೊದಲು ನೋಟಕ್ಕಾಗಿ ಇದೆ. ಉದ್ದ ಮೂತಿಯ ನಾಯಿಗಳ ಅಕ್ಷಿಪಟಲದಲ್ಲಿ ನರಕೋಶಗಳು ಒಂದು ಅಡ್ಡಪಟ್ಟಿಯಾಗಿ ದಟ್ಟವಾಗಿ ಹರಡಿರುತ್ತವೆ. ಗಿಡ್ಡ ಮೂತಿಯ ನಾಯಿಗಳಲ್ಲಿ ಅವು ನಡುವಿನಲ್ಲಿ ಹೆಚ್ಚು ಗುಂಪುಗೂಡಿರುತ್ತವೆ. ಹಾಗಾಗಿ ಮುಧೋಳದಂಥ ನಾಯಿಗೆ ದಿಗಂತದ ಉದ್ದಕ್ಕೂ ನಡೆಯುವ ಚಲನೆ, ತಲೆ ತಿರುಗಿಸದೆಯೇ, ಕಣ್ಣಿಗೆ ಬೀಳುತ್ತದೆ. ಸುಗ್ಗಿ ಮುಗಿದ ಎರೆ ಹೊಲದ ಬದುವಿನ ಮೇಲೆ ಚಂದ್ರಿಯನ್ನು ಹಿಡಿದು ನಿಂತಾಗ ಇದನ್ನು ಕಣ್ಣಾರೆ ಕಾಣಬಹುದು. ನನಗೆ ಏನೂ ಕಾಣದ ದೂರದಲ್ಲಿ ಅದಕ್ಕೆ ಏನೋ ಕಂಡಿರುತ್ತದೆ. ಕಿವಿಗಳ ಬುಡ ಎದ್ದು, ಕುತ್ತಿಗೆ ನೀಳವಾಗಿ, ಇಡೀ ಮೈ ಅಲ್ಲಾಡದೆ ನಿಲ್ಲುತ್ತದೆ. ಸ್ವಲ್ಪ ಹೊತ್ತಿನ ನಂತರ ಆ ದಿಕ್ಕಿನಿಂದ ಒಂದು ಬೀದಿನಾಯಿಯೋ ಮೇಯುವ ಆಡೋ ನನ್ನ ಕಣ್ಣಿಗೂ ಕಾಣಿಸಿಕೊಳ್ಳುತ್ತದೆ. ಅಲ್ಲಾಡದೆ ಕುಳಿತ ಮೊಲವನ್ನು ಅದು ಗಮನಿಸದೆ ಹೋಗಬಹುದು, ಓಡುವ ಮೊಲವನ್ನು ಬಿಡಲಾರದು.

ಓಟವಂತೂ ಬೇರೆಯೇ ವಿಷಯ. ಸಾಮಾನ್ಯ ನಾಯಿಯ ನಾಗಾಲೋಟಕ್ಕೂ ಇದರ ನಾಗಾಲೋಟಕ್ಕೂ ಇರುವ ವ್ಯತ್ಯಾಸವನ್ನು ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ನೋಡಿದರೆ ತಿಳಿಯುತ್ತದೆ. ಒಂದು ಸುತ್ತಿನ ಹೆಜ್ಜೆಯಲ್ಲಿ ಇದರ ನಾಲ್ಕು ಕಾಲುಗಳೂ ಎರಡು ಸಲ ನೆಲ ಬಿಡುತ್ತವೆ: ಮೈ ಮುದುಡಿ ಕಾಲುಗಳೆಲ್ಲ ಹೊಟ್ಟೆಯಡಿ ಸೇರಿದಾಗ ಒಮ್ಮೆ, ಮುಂಗಾಲು ಹಿಂಗಾಲುಗಳು ಚಾಚಿ ಮೈ ನೇರವಾದಾಗ ಇನ್ನೊಮ್ಮೆ. ಬೆನ್ನುಮೂಳೆ ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುವುದರಿಂದಲೇ ಆ ವೇಗ ಸಾಧ್ಯವಾಗುತ್ತದೆ. ಉದ್ದನೆಯ ಬಾಲ ತಿರುವುಗಳಲ್ಲಿ ಸಮತೋಲ ಕಾಯುತ್ತದೆ. ಓಟಕ್ಕೆ ಹೆಸರಾದ ವಿದೇಶಿ ತಳಿ ಗ್ರೇಹೌಂಡ್ ನೇರ ಓಟದಲ್ಲಿ ಇದನ್ನು ಹಿಂದೆ ಹಾಕುತ್ತದೆ ಎಂಬುದು ನಿಜ. ಆದರೆ ಕಲ್ಲು, ಕೊರಕಲು, ಹೆಂಟೆಗಳಿರುವ ನಮ್ಮ ಹೊಲಗಳಲ್ಲಿ, ಬಿಸಿಲಿನಲ್ಲಿ, ಒಂದು ಓಟ ಮುಗಿಸಿ ಮತ್ತೊಂದಕ್ಕೆ ಸಿದ್ಧವಾಗುವ ತಾಳಿಕೆಯಲ್ಲಿ ನಾನು ಮುಧೋಳವನ್ನೇ ಮೆಚ್ಚುತ್ತೇನೆ. ಈ ನಾಯಿ ಓಡುವುದನ್ನು ಬಯಲಿನಲ್ಲಿ ನೋಡದೆ, ಅಂಗಡಿಯ ಪಂಜರದಲ್ಲಿ ಅಥವಾ ಪ್ರದರ್ಶನದ ಕಟಕಟೆಯಲ್ಲಿ ನೋಡಿ ಯಾರೂ ಇದರ ಬಗ್ಗೆ ತೀರ್ಮಾನಕ್ಕೆ ಬರಬಾರದು.

ಇನ್ನು ಸ್ವಭಾವ. ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ವಾಸನೆ ಹಿಡಿದು ಹೋಗುವ ನಾಯಿ ಯಜಮಾನನ ಹತ್ತಿರದಲ್ಲಿ, ಅವನ ಸೂಚನೆಗೆ ಕಾಯುತ್ತ ಕೆಲಸ ಮಾಡಬಲ್ಲದು. ಕುರಿ ಕಾಯುವ ನಾಯಿ ಕುರುಬನ ಸಿಳ್ಳಿಗೆ ತಿರುಗುತ್ತದೆ. ಕಣ್ಣಿನಿಂದ ಬೇಟೆಯಾಡುವ ನಾಯಿಗೆ ಆ ಅವಕಾಶವೇ ಇಲ್ಲ. ಹಗ್ಗ ಬಿಟ್ಟ ಕೆಲವೇ ಕ್ಷಣಗಳಲ್ಲಿ ಅದು ಯಜಮಾನನ ಕೂಗು ಕೇಳದಷ್ಟು ದೂರ ಹೋಗಿರುತ್ತದೆ, ಎಲ್ಲಿ ತಿರುಗಬೇಕು, ಯಾವಾಗ ಅಡ್ಡಗಟ್ಟಬೇಕು, ಯಾವಾಗ ಬಿಟ್ಟುಬಿಡಬೇಕು ಎಂಬುದನ್ನೆಲ್ಲ ತಾನೇ ನಿರ್ಧರಿಸಬೇಕಾಗುತ್ತದೆ. ಹೀಗೆ ತಾನೇ ನಿರ್ಧರಿಸುವ ನಾಯಿಗಳನ್ನೇ ಬೇಟೆಗಾರರು ಉಳಿಸಿಕೊಂಡರು, ಅವುಗಳಿಂದಲೇ ಮರಿ ಪಡೆದರು. ಆ ಸ್ವತಂತ್ರ ಬುದ್ಧಿ ಮನೆಯಲ್ಲಿ ಹಟವಾಗಿ ಕಾಣುತ್ತದೆ. ಚಂದ್ರಿಯನ್ನು ಕರೆದರೆ ಅದು ತಲೆಯೆತ್ತಿ ನೋಡುತ್ತದೆ, ಕರೆದ ಕಾರಣವನ್ನು ತೂಗಿ ನೋಡಿದಂತೆ ಒಂದು ಗಳಿಗೆ ತಡೆಯುತ್ತದೆ, ಬಳಿಕ ಬರುತ್ತದೆ. ಅಲ್ಸೇಷಿಯನ್ ಅಥವಾ ಲ್ಯಾಬ್ರಡಾರ್ ಸಾಕಿದವರಿಗೆ ಈ ತಡೆ ಅವಿಧೇಯತೆಯಾಗಿ ತೋರುತ್ತದೆ. ಅದನ್ನು ಬುದ್ಧಿಯ ಕೊರತೆಯೆಂದು ತಿಳಿದು ದನಿ ಏರಿಸುವವರು ನಾಯಿಯನ್ನು ಕೆಡಿಸುತ್ತಾರೆ.

ಏಕೆಂದರೆ ಗದರಿಕೆಯನ್ನು ಈ ತಳಿ ಸಹಿಸುವುದಿಲ್ಲ. ಮರಿ ಕೊಟ್ಟ ಮನೆಯ ಹಿರಿಯರು ನಮ್ಮನ್ನು ಬೀಳ್ಕೊಡುವಾಗ ಹೇಳಿದ ಮಾತು ನೂರಕ್ಕೆ ನೂರು ಸತ್ಯವೆಂದು ಅನುಭವದಿಂದ ಹೇಳಬಲ್ಲೆ: “ಸರ, ಇದನ್ನ ಬಡಿಯೂದಂತೂ ದೂರ, ಜೋರಾಗಿ ಬೈಯೂದೂ ಬ್ಯಾಡ್ರಿ. ಒಮ್ಮೆ ಮನಸ್ಸು ಮುರಕೊಂಡ್ರ ನಿಮ್ಮ ಮಾರಿ ನೋಡಾಂಗಿಲ್ಲ.” ತಪ್ಪು ಮಾಡಿದಾಗ ತಣ್ಣಗೆ ತಡೆಯುವುದು, ಸರಿ ಮಾಡಿದಾಗ ಕೂಡಲೇ ಏನಾದರೂ ತಿನ್ನಲು ಕೊಡುವುದು, ಕಲಿಸುವ ಪಾಠವನ್ನು ಚಿಕ್ಕದಾಗಿ ಇಟ್ಟು ಅದಕ್ಕೆ ಬೇಸರ ಬರುವ ಮೊದಲೇ ನಿಲ್ಲಿಸುವುದು, ಇವಿಷ್ಟರಿಂದ ಇದು ಬೇಕಾದದ್ದನ್ನೆಲ್ಲ ಕಲಿಯುತ್ತದೆ. ಒಂದೇ ಆಜ್ಞೆಯನ್ನು ಮೇಲಿಂದ ಮೇಲೆ ಮಾಡಿಸಿದರೆ ಮುಖ ತಿರುಗಿಸಿ ಹೋಗಿ ಮಲಗುತ್ತದೆ.

ಅಪರಿಚಿತರ ವಿಷಯದಲ್ಲಿ ಮುಧೋಳ ದೂರವಿರುತ್ತದೆ. ಅದು ಅಂಜಿಕೆಯೂ ಅಲ್ಲ, ಸಿಟ್ಟೂ ಅಲ್ಲ. ಹೊಸಬರು ಬಂದರೆ ಎದ್ದು ನಿಂತು ನೋಡುತ್ತದೆ, ಒಂದೆರಡು ಸಲ ಬೊಗಳುತ್ತದೆ, ಮನೆಯವರು ಒಳಗೆ ಕರೆದುಕೊಂಡರೆ ತನ್ನ ಜಾಗಕ್ಕೆ ಮರಳುತ್ತದೆ. ಬಂದವರು ಕೈಚಾಚಿದರೆ ಹಿಂದೆ ಸರಿಯುತ್ತದೆ. ಹಾಗೆ ಸರಿದ ನಾಯಿಯನ್ನು ಬೆನ್ನಟ್ಟಿ ಮುಟ್ಟಲು ಹೋಗುವುದು ಸರಿಯಲ್ಲ. ಮಕ್ಕಳಿಗೂ ಇದನ್ನು ಮೊದಲೇ ತಿಳಿಸಿ ಹೇಳಬೇಕು. ಮನೆಯವರೊಂದಿಗೆ ಇದರ ನಡತೆ ಸಂಪೂರ್ಣ ಬೇರೆ. ಒಬ್ಬರನ್ನೋ ಇಬ್ಬರನ್ನೋ ತನ್ನವರೆಂದು ಆರಿಸಿಕೊಂಡು, ಅವರು ಕುಳಿತ ಕೋಣೆಯಲ್ಲೇ ಕುಳಿತು, ಅವರ ಕಾಲಿಗೆ ಮೈ ತಾಗಿಸಿ ಮಲಗುತ್ತದೆ. ನಮ್ಮಲ್ಲಿ ಆ ಸ್ಥಾನ ನನ್ನ ತಾಯಿಗೆ ಸಿಕ್ಕಿದೆ. ಅವರು ಜ್ವರದಿಂದ ಮಲಗಿದ್ದಾಗ ಚಂದ್ರಿ ಅವರ ಮಂಚದ ಪಕ್ಕದಿಂದ ಏಳಲಿಲ್ಲ, ನಾವು ಬಲವಂತದಿಂದ ಹೊರಗೆ ಕರೆದೊಯ್ಯಬೇಕಾಯಿತು. ಇಂಥ ನಾಯಿಯನ್ನು ಹಗಲಿಡೀ ಗೇಟಿನ ಬಳಿ ಸರಪಳಿಯಲ್ಲಿ ಕಟ್ಟಿಹಾಕುವುದು ಕ್ರೌರ್ಯ, ಮತ್ತು ಅದರ ಪರಿಣಾಮ ನಾಯಿಯ ವರ್ತನೆಯಲ್ಲಿ ಬೇಗನೆ ಕಾಣುತ್ತದೆ: ಒಂದೋ ಅದು ಎಲ್ಲದಕ್ಕೂ ಬೆಚ್ಚುತ್ತದೆ, ಇಲ್ಲವೇ ಎಲ್ಲರ ಮೇಲೂ ಎರಗುತ್ತದೆ. ಕಾವಲು ನಾಯಿ ಬೇಕೆಂಬ ಒಂದೇ ಉದ್ದೇಶದಿಂದ ಮುಧೋಳವನ್ನು ತರಬೇಡಿ. ಸೂಕ್ಷ್ಮವಾಗಿ ಗಮನಿಸಿ ಎಚ್ಚರಿಸುವುದರಲ್ಲಿ ಇದು ಬಹಳ ಚೆನ್ನು, ಆದರೆ ಬಂದವರನ್ನು ತಡೆದು ನಿಲ್ಲಿಸುವ ಕೆಲಸಕ್ಕೆ ಹುಟ್ಟಿದ್ದಲ್ಲ.

ಬೇಟೆಯ ಹಂಬಲವನ್ನು ತರಬೇತಿಯಿಂದ ಅಳಿಸಲಾಗುವುದಿಲ್ಲ ಎಂಬುದನ್ನು ಕೊಳ್ಳುವವರು ಒಪ್ಪಿಕೊಂಡೇ ಮುಂದುವರಿಯಬೇಕು. ಮರಿಯಿದ್ದಾಗಿನಿಂದ ಜೊತೆಯಲ್ಲಿ ಬೆಳೆದ ನಮ್ಮ ಮನೆಯ ಬೆಕ್ಕಿನೊಂದಿಗೆ ಚಂದ್ರಿ ಒಂದೇ ಗೋಣಿಯ ಮೇಲೆ ಮಲಗುತ್ತದೆ. ಅದೇ ನಾಯಿ ಗೋಡೆಯಾಚೆ ಓಡಿದ ಬೇರೆ ಬೆಕ್ಕಿಗಾಗಿ ಆಳೆತ್ತರದ ಗೋಡೆ ಹಾರಲು ಸಿದ್ಧವಿರುತ್ತದೆ. ಕೋಳಿ ಸಾಕಿದವರ ಮನೆಗೆ ಈ ನಾಯಿ ಹೊಂದುವುದಿಲ್ಲ. ಬೇಲಿಯಿಲ್ಲದ ಕಡೆ ಹಗ್ಗ ಬಿಡಬಾರದು, ರಸ್ತೆಯ ಹತ್ತಿರವಂತೂ ಎಂದಿಗೂ ಬಿಡಬಾರದು, ಏಕೆಂದರೆ ಓಡುವ ಪ್ರಾಣಿಯ ಮೇಲೆ ಕಣ್ಣು ನೆಟ್ಟ ಮುಧೋಳಕ್ಕೆ ಎದುರಿಗೆ ಬರುವ ಲಾರಿ ಕಾಣುವುದಿಲ್ಲ. ಕಾಡುಪ್ರಾಣಿಗಳ ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೃಷ್ಣಮೃಗ, ಚಿಂಕಾರ ಮಾತ್ರವಲ್ಲ, ಮೊಲವೂ ರಕ್ಷಿತ ಪ್ರಾಣಿಯೇ. ನಾಯಿ ಬಿಟ್ಟು ಅದನ್ನು ಹಿಡಿಸುವುದು ಅಪರಾಧ. ಮುಧೋಳ ಮತ್ತು ಬೀಳಗಿ ಸೀಮೆಯಲ್ಲಿಯೇ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ. ‘ಬೇಟೆ ತೋರಿಸುತ್ತೇವೆ’ ಎಂದು ನಾಯಿಯ ಚುರುಕನ್ನು ಮಾರಾಟಕ್ಕಿಡುವವರಿಂದ ಮರಿ ಕೊಳ್ಳಬಾರದು. ಉದ್ದನೆಯ ಹಗ್ಗದ ತುದಿಗೆ ಬಟ್ಟೆಯ ಚಿಂದಿ ಕಟ್ಟಿ, ಬೇಲಿಯಿರುವ ಬಯಲಿನಲ್ಲಿ ಎಳೆದು ಓಡಿಸಿದರೆ ನಾಯಿಗೆ ಅಷ್ಟೇ ಸಂತೋಷ, ಅಷ್ಟೇ ವ್ಯಾಯಾಮ.

ಈ ಗುಣಗಳು ಎಲ್ಲಿಂದ ಬಂದವು ಎಂಬುದಕ್ಕೆ ಸೀಮೆಯ ಚರಿತ್ರೆಯೇ ಉತ್ತರ. ಪಶ್ಚಿಮ ಹಾಗೂ ಮಧ್ಯ ಏಷ್ಯಾದಿಂದ ದಖ್ಖನ್ನಿಗೆ ಬಂದ ವ್ಯಾಪಾರಿಗಳು ಮತ್ತು ಸೈನಿಕರ ಜೊತೆ ಆ ಕಡೆಯ ಬೇಟೆನಾಯಿ ತಳಿಯಾದ ಸಲೂಕಿಯಂಥ ನಾಯಿಗಳು ಬಂದು ಇಲ್ಲಿಯ ನಾಯಿಗಳೊಂದಿಗೆ ಬೆರೆತವೆಂದು ಹೇಳಲಾಗುತ್ತದೆ. ಮಹಾರಾಷ್ಟ್ರದ ಕಡೆ ಇದನ್ನು ಕಾರವಾನಿ ಎಂದೂ, ನಾಯಿ ತಳಿಗಳನ್ನು ನೋಂದಾಯಿಸುವ ಕೆನೆಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಗಳಲ್ಲಿ ಕ್ಯಾರವಾನ್ ಹೌಂಡ್ ಎಂದೂ ಕರೆಯುವುದು ಆ ಹಿನ್ನೆಲೆಯಿಂದಲೇ. ಆದರೆ ತಳಿಯನ್ನು ಶತಮಾನಗಳ ಕಾಲ ಉಳಿಸಿದವರು ಬೇಡರು. 1857ರಲ್ಲಿ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ಬ್ರಿಟಿಷರ ವಿರುದ್ಧ ಎದ್ದ ಹಲಗಲಿಯ ಬೇಡರ ಊರು ಇದೇ ಮುಧೋಳ ತಾಲ್ಲೂಕಿನದು. ಬೇಟೆಯನ್ನೇ ನಂಬಿದ್ದ ಅವರಿಗೆ ಮನೆಯೊಳಗೆ ಸದ್ದು ಮಾಡದ, ಕಡಿಮೆ ತಿನ್ನುವ, ಬಯಲಿನಲ್ಲಿ ತಾನೇ ಯೋಚಿಸುವ ನಾಯಿ ಬೇಕಿತ್ತು. ಅವರ ಬಳಿ ಇದ್ದ ಈ ನಾಯಿಗಳನ್ನು ಗುರುತಿಸಿ, ಆಯ್ದು ಬೆಳೆಸಿ ಹೆಸರು ತಂದುಕೊಟ್ಟವರು 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಮುಧೋಳ ಸಂಸ್ಥಾನವನ್ನಾಳಿದ ಮಾಲೋಜಿರಾವ್ ಘೋರ್ಪಡೆ. ಐದನೆಯ ಜಾರ್ಜ್ ದೊರೆಗೆ ಅವರು ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟದ್ದು ಆ ಸೀಮೆಯಲ್ಲಿ ಇಂದಿಗೂ ಹೆಮ್ಮೆಯ ಮಾತು. ಈಗ ಘಟಪ್ರಭೆಯ ನೀರು ಹರಿದು ಸುತ್ತಲೆಲ್ಲ ಕಬ್ಬು ಎದ್ದಿದೆ. ನಾಯಿ ಓಡುವ ಬಯಲು ಅದರ ತವರಿನಲ್ಲಿಯೇ ಕಿರಿದಾಗುತ್ತಿರುವುದು ನನಗೆ ನಿಜವಾಗಿಯೂ ಚಿಂತೆಯ ವಿಷಯ.

ಸೈನ್ಯ ಮತ್ತು ಪೊಲೀಸ್ ಕೆಲಸದಲ್ಲಿ ಈ ತಳಿ ಹೆಸರು ಮಾಡಿರುವುದು ಹಲವರಿಗೆ ಗೊತ್ತಿದೆ. ಮೀರಠ್‌ನ ಸೇನಾ ತರಬೇತಿ ಕೇಂದ್ರಕ್ಕೆ ಮುಧೋಳದ ಮರಿಗಳು ಹೋದವು. 2024ರಲ್ಲಿ ಲಕ್ನೋದಲ್ಲಿ ನಡೆದ ಅಖಿಲ ಭಾರತ ಪೊಲೀಸ್ ಡ್ಯೂಟಿ ಮೀಟ್‌ನಲ್ಲಿ ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ಹೆಣ್ಣು ನಾಯಿ ಜಾಡು ಹಿಡಿಯುವ ವಿಭಾಗದಲ್ಲಿ ವಿದೇಶಿ ತಳಿಗಳನ್ನು ಮೀರಿಸಿ ಪ್ರಶಸ್ತಿ ಗೆದ್ದಿತು. ಈ ತಳಿಗೆ ಕಲಿಯುವ ಶಕ್ತಿಯಿಲ್ಲ ಎನ್ನುವವರಿಗೆ ಅದು ಸಾಕಷ್ಟು ಉತ್ತರ. ಆದರೆ ಅಲ್ಲಿ ಪ್ರತಿ ನಾಯಿಗೂ ಅದನ್ನೇ ನೋಡಿಕೊಳ್ಳುವ ಒಬ್ಬ ತರಬೇತುದಾರರು ಇದ್ದಾರೆ, ದಿನವೂ ಕೆಲಸವಿದೆ. ಆ ಸುದ್ದಿ ಓದಿ ಉತ್ಸಾಹದಿಂದ ಮರಿ ತಂದು, ಎರಡು ಕೋಣೆಯ ಫ್ಲ್ಯಾಟಿನಲ್ಲಿ ಬೆಳಗ್ಗೆ ಹತ್ತು ನಿಮಿಷ ಅಡ್ಡಾಡಿಸಿದರೆ ಅದೇ ಫಲ ಸಿಗುವುದಿಲ್ಲ.

ಆಹಾರದ ಖರ್ಚು ಕಡಿಮೆ. ಮುಧೋಳ ಸೀಮೆಯಲ್ಲಿ ಜೋಳ ಅಥವಾ ಮೆಕ್ಕೆಜೋಳದ ನುಚ್ಚು, ರೊಟ್ಟಿ, ಹಾಲು, ಮೊಟ್ಟೆ ಇವುಗಳ ಮೇಲೆಯೇ ನಾಯಿಗಳು ಬೆಳೆಯುತ್ತವೆ. ಬೆಳೆಯುವ ಮರಿಗೆ ಮಾತ್ರ ಅದು ಸಾಲದು. ಮಾಂಸವನ್ನೋ ಹೆಚ್ಚು ಮೊಟ್ಟೆಯನ್ನೋ ಸೇರಿಸಬೇಕೆಂಬ ವೈದ್ಯರ ಸಲಹೆಯನ್ನು ನಾವು ಪಾಲಿಸಿದೆವು. ಆಳವಾದ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇರುವುದರಿಂದ ಉಂಡ ಕೂಡಲೇ ಓಡಿಸಬಾರದು, ಒಂದೇ ಹೊತ್ತಿಗೆ ತುಂಬ ಹಾಕುವುದಕ್ಕಿಂತ ಎರಡು ಹೊತ್ತಾಗಿ ಹಂಚಬೇಕು. ಮೈಯಲ್ಲಿ ಕೊಬ್ಬು ತೀರ ಕಡಿಮೆಯಾದ್ದರಿಂದ ಬರಿ ನೆಲದ ಮೇಲೆ ಮಲಗಿದರೆ ಮೊಣಕೈಗಳಲ್ಲಿ ಗಂಟು ಕಟ್ಟುತ್ತದೆ, ಚಳಿಗಾಲದಲ್ಲಿ ನಡುಗುತ್ತದೆ. ದಪ್ಪ ಹಾಸಿಗೆ ಬೇಕೇ ಬೇಕು. ತೆಳು ಚರ್ಮ ಮುಳ್ಳುತಂತಿಗೆ ತಾಗಿದರೆ ಸುಲಭವಾಗಿ ಸೀಳುತ್ತದೆ. ಶಸ್ತ್ರಚಿಕಿತ್ಸೆಯ ಸಂದರ್ಭ ಬಂದರೆ ಇದು ಗ್ರೇಹೌಂಡ್ ಗುಂಪಿನ ನಾಯಿ ಎಂದು ವೈದ್ಯರಿಗೆ ಮೊದಲೇ ನೆನಪಿಸಬೇಕು, ಏಕೆಂದರೆ ಥಯೋಪೆಂಟಾಲ್‌ನಂಥ ಅರಿವಳಿಕೆ ಔಷಧಗಳಿಂದ ಆ ಗುಂಪಿನ ನಾಯಿಗಳು ಚೇತರಿಸಿಕೊಳ್ಳಲು ಹೆಚ್ಚು ಸಮಯ ತೆಗೆದುಕೊಳ್ಳುತ್ತವೆ. ಗಿಡ್ಡ ಕೂದಲಿನಿಂದಾಗಿ ಉಣ್ಣೆಹುಳು ಬೇಗ ಕಣ್ಣಿಗೆ ಬೀಳುತ್ತದೆ, ಮೈಗೆ ನಾಯಿವಾಸನೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮನೆಯೊಳಗೆ ಇಷ್ಟು ಶುಚಿಯಾಗಿ, ಇಷ್ಟು ಮೌನವಾಗಿ ಇರುವ ದೊಡ್ಡ ನಾಯಿಯನ್ನು ನಾನು ಬೇರೆ ಕಂಡಿಲ್ಲ.

ಕೊನೆಗೆ ಮರಿ ಕೊಟ್ಟವರ ವಿಷಯ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ, ತಳಿಯ ಶುದ್ಧತೆಯ ಬಗ್ಗೆ ಖಚಿತತೆ ಬೇಕಾದವರು ಮೊದಲು ವಿಚಾರಿಸಬೇಕಾದ ಸ್ಥಳ ಅದು. ಅದರಾಚೆ, ಸುತ್ತಲಿನ ಹಳ್ಳಿಗಳಲ್ಲಿ ಅನೇಕ ಕುಟುಂಬಗಳು ಒಂದೆರಡು ಹೆಣ್ಣು ನಾಯಿಗಳನ್ನು ಸಾಕಿ ಮರಿ ಮಾರುತ್ತವೆ. ಹಲವರಿಗೆ ಅದು ಹೊಲದ ಆದಾಯಕ್ಕೆ ಒಳ್ಳೆಯ ಪೂರಕ. ನಾವು ಮರಿ ತಂದದ್ದು ಅಂಥ ಒಂದು ತೋಟದ ಮನೆಯಿಂದ. ಅವರ ಸೇವೆಯಲ್ಲಿ ನಾನು ಬಹಳ ಮೆಚ್ಚಿದ್ದು, ಮರಿಯನ್ನು ತೋರಿಸುವ ಮೊದಲು ತಾಯಿಯನ್ನೂ ತಂದೆಯನ್ನೂ ತೋರಿಸಿ, ಎರಡನ್ನೂ ಹೊಲದಲ್ಲಿ ಓಡಿಸಿ, ನಮ್ಮ ಮನೆಯ ಬಗ್ಗೆ ನಾವು ಕೇಳಿದ್ದಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ಕೇಳಿದ್ದು. ಕಾಂಪೌಂಡಿನ ಎತ್ತರವೆಷ್ಟು, ಹಗಲು ಮನೆಯಲ್ಲಿ ಯಾರಿರುತ್ತಾರೆ, ಓಡಿಸಲು ಜಾಗವೆಲ್ಲಿದೆ ಎಂದೆಲ್ಲ ವಿಚಾರಿಸಿದ ಮೇಲೆಯೇ ಮುಂಗಡ ಪಡೆದರು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ಹೇಳುತ್ತವೆ. ಅವರು ಆ ಅವಧಿ ಮುಗಿಯುವವರೆಗೆ ಮರಿಯನ್ನು ತಾಯಿಯ ಬಳಿಯೇ ಇಟ್ಟು, ಜಂತುಹುಳುವಿನ ಔಷಧಿ ಕುಡಿಸಿ, ಮೊದಲ ಲಸಿಕೆ ಹಾಕಿಸಿ, ಅದರ ಚೀಟಿಯೊಂದಿಗೆ ಕೊಟ್ಟರು. ಬೆಲೆ, ಪೇಟೆಯ ಅಂಗಡಿಗಳಲ್ಲಿ ವಿದೇಶಿ ತಳಿಯ ಮರಿಗಳಿಗೆ ಹೇಳುವುದಕ್ಕಿಂತ ಬಹಳ ಕಡಿಮೆ. ಕೊರತೆಯೆಂದರೆ ವಂಶಾವಳಿಯ ಕಾಗದಪತ್ರ ಇರಲಿಲ್ಲ. ಪ್ರದರ್ಶನಗಳಲ್ಲಿ ಭಾಗವಹಿಸಬೇಕೆನ್ನುವವರು ಕೆನೆಲ್ ಕ್ಲಬ್ಬಿನ ನೋಂದಣಿ ಇರುವ ಕಡೆಯೇ ಹುಡುಕಬೇಕು.

ಓಟದ ಪಂದ್ಯಗಳಿಗಾಗಿ ಗ್ರೇಹೌಂಡ್ ಜೊತೆ ಬೆರಕೆ ಮಾಡಿದ ಮರಿಗಳನ್ನು ಮುಧೋಳವೆಂದು ಮಾರುವವರೂ ಇರುವುದರಿಂದ, ತಂದೆತಾಯಿಗಳ ಕಿವಿಯನ್ನು ಗಮನಿಸುವುದು ಅಗತ್ಯ. ಮುಧೋಳದ ಕಿವಿ ದೊಡ್ಡದಾಗಿ ಚಪ್ಪಟೆಯಾಗಿ ಜೋತಿರುತ್ತದೆ, ಗ್ರೇಹೌಂಡಿನ ಕಿವಿ ಚಿಕ್ಕದಾಗಿ ಹಿಂದಕ್ಕೆ ಮಡಚಿರುತ್ತದೆ. ಬೆರಕೆಯಲ್ಲಿ ತೊಡೆಯ ಸ್ನಾಯುಗಳೂ ಉಬ್ಬಿ ಕಾಣುತ್ತವೆ. ತಾಯಿ ನಾಯಿಯನ್ನು ತೋರಿಸಲು ಒಪ್ಪದ ಕಡೆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಬೇಕು. ನಮಗೆ ಮರಿ ಕೊಟ್ಟವರು ಇನ್ನೊಂದು ಕರಾರನ್ನೂ ಹಾಕಿದ್ದರು: ಯಾವುದೇ ಕಾರಣಕ್ಕೆ ಸಾಕಲು ಆಗದಿದ್ದರೆ ನಾಯಿಯನ್ನು ಬೇರೆಯವರಿಗೆ ದಾಟಿಸದೆ ತಮಗೇ ಮರಳಿಸಬೇಕು, ಎಷ್ಟು ವರ್ಷವಾಗಿದ್ದರೂ ತಾವು ಇಟ್ಟುಕೊಳ್ಳುತ್ತೇವೆ ಎಂದು. ಮರಿ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಇಂಥ ಮಾತನ್ನು ಕೇಳಿ, ಸಾಧ್ಯವಾದರೆ ಬರವಣಿಗೆಯಲ್ಲಿ ಪಡೆದುಕೊಳ್ಳಲಿ.